ಕೌದಿಯ ಹೊಟ್ಟೆಯೊಳಗಿನ ರೊಟ್ಟಿ

ಗಂಡಸಾದವನು ಮನೆಯಲ್ಲಿ ಏನನ್ನು ಬೇಕಾದರೂ ಮುಟ್ಟಬಹುದು, ಹೆಂಡತಿಯ ಟ್ರಂಕನ್ನು ಮಾತ್ರ ಮುಟ್ಟಬಾರದು ಎಂಬುದು ನನ್ನ ಈಗಿನ ಖಚಿತ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ಬರಲು ನನಗೆ ಅರವತ್ತಮೂರು ವರ್ಷ ಹಿಡಿಯಿತು. ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಯಾವ ಕಪಾಟಿನ ಯಾವ ಸಾಲಿನಲ್ಲಿ ಯಾವ ಪುಸ್ತಕವಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ. ಅಂಥವನು ಬಾಗಲಕೋಟೆ ವಿದ್ಯಾಗಿರಿಯ ನಮ್ಮ ಮನೆಯ ಒಂದೇ ಒಂದು ಟ್ರಂಕಿನಿಂದ ಸರಿಯಾದ ಕೌದಿಯನ್ನು ತೆಗೆಯಲಾರದೆ ಹೋದೆ. ದೋಷ ನನ್ನದಲ್ಲ, ಟ್ರಂಕಿಗೆ ಸೂಚೀಪಟ್ಟಿ ಇರಲಿಲ್ಲ ಎಂದು ಬಹಳ ದಿನ ವಾದಿಸಿದೆ. ಆ ವಾದವನ್ನು ಮನೆಯಲ್ಲಿ ಯಾರೂ ದಾಖಲು ಮಾಡಿಕೊಳ್ಳಲಿಲ್ಲ.

ಆದದ್ದು ಇಷ್ಟು. ಬಾದಾಮಿಯ ಆಚೆ, ಕೆಂಪು ಗುಡ್ಡದ ಬುಡದಲ್ಲಿ, ಶನಿವಾರ-ರವಿವಾರ ಎರಡು ದಿನ ಬಯಲು ಸಂಗೀತೋತ್ಸವ ಏರ್ಪಾಡಾಗಿತ್ತು. ನಾನು ಮತ್ತು ನನ್ನ ಇಬ್ಬರು ಗೆಳೆಯರು ಶನಿವಾರ ಹೋಗುವುದೆಂದು ಗೊತ್ತಾಯಿತು. ಒಬ್ಬ ಹುನಗುಂದದ ಚನ್ನಪ್ಪ, ನಿವೃತ್ತ ಡ್ರಾಯಿಂಗ್ ಮಾಸ್ತರ. ಇನ್ನೊಬ್ಬ ಇಲಕಲ್ಲಿನ ಮಾಂತೇಶ, ಸೀರೆ ಅಂಗಡಿಯವನು. ಓದುವಾಗ ಬಾಗಲಕೋಟೆಯಲ್ಲಿ ಒಂದೇ ಕೋಣೆಯಲ್ಲಿದ್ದವರು ನಾವು. ಮೂವರಲ್ಲಿ ಸಂಗೀತ ಬಲ್ಲವನೆಂದು ಹೆಸರು ನನಗೆ. ಈ ಹೆಸರನ್ನು ಗಳಿಸಿದ ಬಗೆ ಸರಳವಾದದ್ದು. ಸುತ್ತಲಿನವರೆಲ್ಲ 'ವಾಹ್' ಎಂದ ಮೇಲೆ ಅರೆಗಳಿಗೆ ಬಿಟ್ಟು, ಕಣ್ಣು ಮುಚ್ಚಿ, ನಾನು ಮೆಲ್ಲಗೆ 'ಆಹಾ' ಎನ್ನುತ್ತೇನೆ. ತಡವಾಗಿ ಮೆಚ್ಚುವವನು ಆಳವಾಗಿ ಮೆಚ್ಚುತ್ತಾನೆ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ರಾಗದ ಹೆಸರು ಕೇಳಿದರೆ, "ಅದನ್ನ ಹೆಸರಿನ್ಯಾಗ ಹಿಡಿಯಾಕ ಆಗತೈತೇನು?" ಎಂದು ನಿಟ್ಟುಸಿರು ಬಿಡುತ್ತೇನೆ.

ಕುರ್ಚಿ ಇರುವುದಿಲ್ಲ, ಹುಲ್ಲಿನ ಮೇಲೆ ಕೂಡಬೇಕು, ಹಾಸಲು ನೀವೇ ತರಬೇಕು ಎಂದು ಆಮಂತ್ರಣದಲ್ಲಿತ್ತು. ಹೆಂಡತಿ ಅಡುಗೆಮನೆಯಿಂದಲೇ, "ತಡೀರಿ, ಕೌದಿ ನಾ ತಗದು ಕೊಡ್ತೇನಿ" ಎಂದಳು.

"ಯಾಕ, ನನಗ ಕೈ ಇಲ್ಲೇನು?"

"ಕೈ ಅದಾವರಿ. ಅದಕ್ಕs ಅಂಜಿಕಿ. ಹಳೇದು ತಗೋರಿ ಮತ್ತ."

ಟ್ರಂಕಿನಲ್ಲಿ ಎರಡು ಕೌದಿಗಳಿದ್ದವು. ಕೌದಿ ಎಂದರೇನು? ಹಳೆಯ ಸೀರೆಗಳ ತುಂಡುಗಳನ್ನು ಒಂದರ ಮೇಲೊಂದಿಟ್ಟು ಕೈಯಿಂದ ಹೊಲಿದ ಹಾಸುಗೆ. ಹಳೆಯದರಿಂದಲೇ ಮಾಡುವ ವಸ್ತುವಿನಲ್ಲಿ ಹಳೆಯದು ಯಾವುದು, ಹೊಸದು ಯಾವುದು? ಈ ತಾತ್ವಿಕ ಪ್ರಶ್ನೆಯನ್ನು ಎರಡು ನಿಮಿಷ ಚಿಂತಿಸಿ, ಹೆಚ್ಚು ತೇಪೆಗಳಿದ್ದದ್ದೇ ಹೆಚ್ಚು ಹಳೆಯದು ಎಂಬ ತೀರ್ಮಾನಕ್ಕೆ ಬಂದು, ಮೇಲಿದ್ದುದನ್ನು ಬಗಲಲ್ಲಿ ಇಟ್ಟುಕೊಂಡು ಹೊರಟೆ. ಇನ್ನೊಂದು ಕೈಯಲ್ಲಿ ಬುತ್ತಿ: ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಎಣ್ಣೆಗಾಯಿ.

ಉತ್ಸವದ ಬಾಗಿಲಲ್ಲಿ ಕರಿ ಅಂಗಿಯ ತರುಣನೊಬ್ಬ ನಮ್ಮ ಮುಂಗೈಗೆ ಬಣ್ಣದ ಕಾಗದದ ಪಟ್ಟಿ ಕಟ್ಟಿದ. ದವಾಖಾನೆಯಲ್ಲಿ ಆಗತಾನೆ ಹುಟ್ಟಿದ ಕೂಸುಗಳಿಗೆ, ಅದಲುಬದಲಾಗಬಾರದೆಂದು, ಇಂಥದ್ದೇ ಪಟ್ಟಿ ಕಟ್ಟುತ್ತಾರೆ. ನಮ್ಮ ಮೂವರನ್ನು ಅದಲುಬದಲು ಮಾಡಿಕೊಂಡರೆ ಯಾರಿಗೆ ನಷ್ಟವೋ ತಿಳಿಯಲಿಲ್ಲ. ಆಮೇಲೆ ಅವನ ಕಣ್ಣು ಬುತ್ತಿಯ ಮೇಲೆ ಬಿತ್ತು.

"ಹೊರಗಡೆ ಫುಡ್ ಒಳಗಡೆ ಬಿಡಲ್ಲ ಸರ್."

"ಹೊರಗಿಂದಲ್ಲೋ ತಮ್ಮಾ, ಇದು ಮನೀದು" ಎಂದ ಚನ್ನಪ್ಪ.

"ಮನೆಯದೂ ಬಿಡಲ್ಲ ಸರ್. ಒಳಗಡೆ ಸ್ಟಾಲ್ ಇದೆ."

ಚನ್ನಪ್ಪನ ಮುಖ ಕೆಂಪು ಗುಡ್ಡದ ಬಣ್ಣಕ್ಕೆ ತಿರುಗಿತು. ಮದುವೆಗೆ ಹೋಗಲಿ, ಮಣ್ಣಿಗೆ ಹೋಗಲಿ, ಬುತ್ತಿ ಕಟ್ಟಿಕೊಂಡು ಹೋಗುವ ಜನ ನಾವು. "ಐಹೊಳಿಗೆ ಸಾಲಿ ಹುಡುಗರನ್ನ ಎಷ್ಟು ಸಲ ಕರಕೊಂಡು ಹೋಗೇನಿ. ಅಷ್ಟು ದೇವರ ಮುಂದ ಕುಂತು ರೊಟ್ಟಿ ತಿಂದೇವಿ. ಒಬ್ಬ ದೇವರೂ ಬ್ಯಾಡ ಅನ್ನಲಿಲ್ಲ!" ಎಂದು ಅವನು ಗುಡುಗುತ್ತಿದ್ದಾಗಲೇ ಒಂದು ಮಂಗ ಯಾರದೋ ಬಾಳೆಹಣ್ಣು ಹಿಡಿದು ಬೇಲಿ ಹಾರಿ ಒಳಗೆ ಹೋಯಿತು. ಅದರ ಕೈಗೆ ಪಟ್ಟಿಯೂ ಇರಲಿಲ್ಲ.

ಎಣ್ಣೆಗಾಯಿ, ಚಟ್ನಿಪುಡಿಯ ಡಬ್ಬಿಗಳನ್ನು ಬಾಗಿಲಲ್ಲೇ ಬಿಟ್ಟೆವು. ರೊಟ್ಟಿಯ ವಿಷಯದಲ್ಲಿ ಚನ್ನಪ್ಪ ಶರಣಾಗಲಿಲ್ಲ. ಗಿಡದ ಮರೆಗೆ ಹೋಗಿ, ಕೌದಿಯನ್ನು ತಿರುವಿ ನೋಡಿ, "ಲೇ, ಇದರ ಒಂದು ಮೂಲಿ ಹೊಲದಿಲ್ಲ, ಚೀಲ ಇದ್ದಂಗ ಐತಿ!" ಎಂದು ಹಿಗ್ಗಿ, ಎಂಟೂ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಅದರೊಳಗೆ ತುರುಕಿದ. ಬಾಗಿಲಿನ ತರುಣ ಕೌದಿಗೆ ನಮಸ್ಕಾರ ಮಾಡಿ ಒಳಗೆ ಬಿಟ್ಟ.

ಒಳಗೆ ಜೋಳದ ರೊಟ್ಟಿಯನ್ನೇ ನಾಲ್ಕು ತ್ರಿಕೋನ ಮಾಡಿ, ಮೇಲೊಂದು ಎಲೆ ಸಿಗಿಸಿ, ನಾವು ಓದಲಾರದ ಹೆಸರಿಟ್ಟು ಮಾರುತ್ತಿದ್ದರು. ತರುಣ ತರುಣಿಯರು ಕಣ್ಣು ಮುಚ್ಚಿ ಮಲಗಿ ಧ್ವನಿಯಿಂದ ಆರೋಗ್ಯ ಪಡೆಯುತ್ತಿದ್ದರು. ಇನ್ನು ಕೆಲವರು ಮೊಬೈಲು ಎತ್ತಿ ಹಿಡಿದು, ಮನೆಗೆ ಹೋಗಿ ಕೇಳೋಣವೆಂದು ಸಂಗೀತವನ್ನು ಸಂಗ್ರಹಿಸುತ್ತಿದ್ದರು. ನಾವು ಕೌದಿ ಹಾಸಿ, ರೊಟ್ಟಿ ಇರುವ ಮೂಲೆಯನ್ನು ಬಿಟ್ಟು ಕುಳಿತೆವು. ಮಾಂತೇಶ ಮಾತ್ರ ಅಭ್ಯಾಸಬಲದಿಂದ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದ.

"ಲೇ, ಸೀರಿ ಹಳೇವು ಖರೆ. ಆದರ ದಾರ ಹೊಸಾದು. ಮೊನ್ನಿ ಮೊನ್ನಿ ಹೊಲದಾರ. ಬಾಯಿ ಬಿಟ್ಟಾರ ಅಂದ್ರ ಇನ್ನೂ ಶಾಸ್ತ್ರ ಆಗಿಲ್ಲ. ಯಾರ ಸಲುವಾಗಿ ಹೊಲದಿದ್ದೋ ಇದು?"

ಆಗ ನೆನಪಾಯಿತು. ಮಗಳು ಚೊಚ್ಚಲ ಹೆರಿಗೆಗೆಂದು ಮನೆಗೆ ಬಂದಿದ್ದಳು. ನಾಲ್ಕು ತಿಂಗಳಿಂದ ದಿನಾ ಮಧ್ಯಾಹ್ನ ನನ್ನ ಹೆಂಡತಿ ಪಡಸಾಲೆಯಲ್ಲಿ ಕುಳಿತು ಏನನ್ನೋ ಹೊಲಿಯುತ್ತಿದ್ದಳು. ಅದೇನೆಂದು ನಾನು ಒಂದು ದಿನವೂ ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಕೂಸಿನ ಕೌದಿಯ ಒಂದು ಮೂಲೆಯನ್ನು ತೆರೆದೇ ಇಟ್ಟಿರುತ್ತಾರೆ. ಹೆಸರಿಡುವ ದಿನ ಅದರೊಳಗೆ ಒಂದು ಚೂರು ರೊಟ್ಟಿ ಇಟ್ಟು, 'ಕೌದಿಯ ಹೊಟ್ಟೆ ತುಂಬಿಸಿ', ಆಮೇಲೆ ಬಾಯಿ ಹೊಲಿಯುತ್ತಾರೆ. ಕೌದಿಯ ಹೊಟ್ಟೆ ತುಂಬಿದ್ದರೆ ಹೊದ್ದವರ ಹೊಟ್ಟೆಯೂ ತುಂಬಿರುತ್ತದೆ ಎಂದು. ಅಲ್ಲಿಯ ತನಕ ಅದರ ಮೇಲೆ ಯಾರೂ ಕೂಡುವಂತಿಲ್ಲ. ಮೊದಲು ತಾಗಬೇಕಾದದ್ದು ಕೂಸಿನ ಮೈ. ಈಗ ಅದರ ಮೇಲೆ ಒಟ್ಟು ನೂರಾ ತೊಂಬತ್ತು ವರ್ಷ ವಯಸ್ಸಿನ ಮೂರು ಕೂಸುಗಳು ಕುಳಿತಿದ್ದವು.

"ಏಳ್ರಲೇ! ಏಳ್ರಿ ಮ್ಯಾಲೆ!" ಎಂದು ಕೂಗಿ ಇಬ್ಬರನ್ನೂ ಎಬ್ಬಿಸಿದೆ. ಹುಲ್ಲು ಮಣ್ಣು ಹತ್ತಿದೆಯೇ ನೋಡಲು ಕೌದಿಯನ್ನು ಎರಡೂ ಕೈಯಿಂದ ಬೆಳಕಿಗೆ ಎತ್ತಿ ಹಿಡಿದೆ. ಅದೇ ತಪ್ಪಾಯಿತು.

"ಅಯ್ಯೋ, ಎಷ್ಟು ಆಥೆಂಟಿಕ್!" ಎಂದು ಯಾರೋ ಚೀರಿದರು. ದೊಡ್ಡ ಕನ್ನಡಕದ ಹೆಣ್ಣುಮಗಳು, ಉತ್ಸವದ ಸಂಚಾಲಕಿ. ಮುಂದಿನ ಕಛೇರಿ ಹಿರಿಯ ಗಾಯಕರದು, ವೇದಿಕೆಯ ಮೇಲೆ ಈ ಮಣ್ಣಿನ ಸೊಗಡಿನದೊಂದು ಹಾಸು ಇರಲೇಬೇಕು, ಒಂದು ಗಂಟೆಯ ಮಟ್ಟಿಗೆ ಕೊಡಿ ಎಂದಳು. ಕೊಡುವುದಿಲ್ಲ ಎನ್ನಲು ನಾನು ಬಾಯಿ ತೆರೆದೆ. ಆಣೆ ಮಾಡಿ ಹೇಳುತ್ತೇನೆ, ತೆರೆದಿದ್ದೆ. ಅಷ್ಟರಲ್ಲಿ ಆಕೆ, "ಇಂಥದ್ದನ್ನು ತಂದಿದ್ದೀರಿ ಅಂದರೆ ನೀವು ತುಂಬಾ ಸಂಗೀತ ಬಲ್ಲವರೇ ಇರಬೇಕು" ಎಂದಳು. ನನ್ನ ಬಾಯಿ ಮುಚ್ಚಿತು, ಕೈ ಮುಂದೆ ಹೋಯಿತು.

"ಇದರ ಆರ್ಟಿಸ್ಟ್ ಯಾರು ಸರ್?"

"ಈ ಕಡೆಯ ಒಬ್ಬ ಹಿರಿಯ ಕಲಾವಿದೆ" ಎಂದೆ ಗಂಭೀರವಾಗಿ. ಆ ಹೊತ್ತಿಗೆ ಹಿರಿಯ ಕಲಾವಿದೆ ಮನೆಯಲ್ಲಿ ಶೇಂಗಾ ಒಡೆಯುತ್ತಿದ್ದಿರಬೇಕು. ಚನ್ನಪ್ಪ ನನ್ನ ಅಂಗಿ ಜಗ್ಗಿ, "ಲೇ, ರೊಟ್ಟೀ..." ಎಂದ. "ಸುಮ್ನಿರು, ಮರ್ಯಾದಿ ಪ್ರಶ್ನಿ" ಎಂದೆ.

ಗಾಯಕರು ಬಂದರು. ಸ್ವರದಂತೆಯೇ ಶರೀರವೂ ತುಂಬಿದ್ದ ಮನುಷ್ಯ. ಎಡಗಡೆ ಸ್ವಲ್ಪ ಎತ್ತರವಾಗಿ ಮೆತ್ತಗೆ ಕಂಡಿತೆಂದು ಸರಿಯಾಗಿ ಆ ಮೂಲೆಯ ಮೇಲೆಯೇ ವಿರಾಜಮಾನರಾದರು. ಆಲಾಪ ಆರಂಭವಾಯಿತು. ಬಯಲು ಸ್ತಬ್ಧವಾಯಿತು. ಅವರು ಮೇಲಿನ ಷಡ್ಜಕ್ಕೆಂದು ಎಡಕ್ಕೆ ವಾಲಿದರು. ಕಟಕ್! ಮೈಕು ಆ ಸದ್ದನ್ನು ಗುಡ್ಡಕ್ಕೆ ಒಯ್ದು ಮುಟ್ಟಿಸಿ ವಾಪಸು ತಂದಿತು. ಬಲಕ್ಕೆ ಬಂದರು, ಮತ್ತೆ ಎಡಕ್ಕೆ. ಕಟ್, ಕಟಕ್! ತಬಲಾದವನು ತಂಬೂರಿಯವಳನ್ನು ಸಂಶಯದಿಂದ ನೋಡಿದ. ಧ್ವನಿಯ ಉಸ್ತುವಾರಿಯವನು ಓಡಿಬಂದು ಮೂರು ಸಲ ವಯರು ಬದಲಿಸಿದ. ನನ್ನ ಪಕ್ಕದ ತರುಣ ಮಾತ್ರ ಗೆಳತಿಗೆ, ಇದು ಪ್ರಾಚೀನ ತಾಳವಾದ್ಯ, ಪರದೆಯ ಹಿಂದೆ ನುಡಿಸುತ್ತಿದ್ದಾರೆ ಎಂದು ವಿವರಿಸಿದ. ಜನ 'ವಾಹ್' ಎಂದರು. ಜೀವಮಾನದಲ್ಲಿ ಮೊದಲ ಸಲ ನನಗೆ 'ಆಹಾ' ಎನ್ನಲು ಬಾಯಿ ಬರಲಿಲ್ಲ. ಚನ್ನಪ್ಪ ಒಂದೊಂದು ಸದ್ದಿಗೂ ಬೆರಳು ಮಡಚುತ್ತ, "ಮೂರು ಹೋದುವು... ನಾಕು... ಲೇ, ಜೋರು ಲಯದ ದ್ರುತ್ ಬಂದ್ರ ಒಂದೂ ಉಳಿಯಂಗಿಲ್ಲ" ಎಂದು ಕಣ್ಣು ಒರೆಸಿಕೊಂಡ. ಅವನ ತನ್ಮಯತೆಯನ್ನು ಕಂಡು ಸುತ್ತಲಿನವರ ಕಣ್ಣುಗಳೂ ತುಂಬಿದವು.

ಕೌದಿ ಕಲೆಯಿಲ್ಲದೆ ಕೈಗೆ ಬಂತು. ಗಡಿಬಿಡಿಯಲ್ಲಿ ರೊಟ್ಟಿಯ ಗಂಟನ್ನು ಮರೆತು, ಸದ್ದಿಲ್ಲದೆ ಟ್ರಂಕಿಗೆ ಸೇರಿಸಿದರಾಯಿತು ಎಂದುಕೊಂಡು ಮನೆಗೆ ಬಂದರೆ ಬಾಗಿಲಲ್ಲೇ ಮಗಳು ಉತ್ಸವದ ವಿಡಿಯೊ ತೆರೆದ ಮೊಬೈಲು ಹಿಡಿದು ನಿಂತಿದ್ದಳು. "ಅಪ್ಪಾ, ಹಾಡೋರ ಕೆಳಗ ಇರೂದು ಆಯಿ ಸೆರಗಲ್ಲೇನು?" ಆಯಿ ಎಂದರೆ ಅವಳ ಅಜ್ಜಿ, ತೀರಿಹೋದ ನನ್ನ ಅತ್ತೆ. ನಡುವಿನ ತೇಪೆ ಅವರ ಸೀರೆಯದು.

ಹೆಂಡತಿ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಕೌದಿಯನ್ನು ಮಡಿಲಲ್ಲಿಟ್ಟುಕೊಂಡು ಅವ್ವನ ಸೆರಗಿನ ತುಂಡನ್ನು ಒಂದೆರಡು ಸಲ ಸವರಿದಳು. ಮೂಲೆಯೊಳಗೆ ಕೈ ಹಾಕಿ ಗಂಟು ಹೊರತೆಗೆದಳು. ರೊಟ್ಟಿ ಎಂಬುದು ಸಜ್ಜಕದ ರವೆಯಾಗಿತ್ತು. "ಶಾಸ್ತ್ರ ನೀವs ಮುಗಿಸಿಕೊಂಡು ಬಂದೀರಿ. ಒಂದು ಚೂರು ಸಾಕಿತ್ತು, ಎಂಟು ರೊಟ್ಟಿ ಉಣಿಸೀರಿ. ಇನ್ನ ಬಾಯಿನೂ ನೀವs ಹೊಲೀರಿ" ಎಂದು ಸೂಜಿ ದಾರ ಮುಂದಿಟ್ಟಳು. ಮೊಳದಷ್ಟೂ ಇಲ್ಲದ ಆ ಮೂಲೆಯನ್ನು ಹೊಲಿಯಲು ನನಗೆ ಎರಡು ದಿನ ಹಿಡಿಯಿತು. ನಾಲ್ಕು ತಿಂಗಳೆಂದರೆ ಎಷ್ಟೆಂದು ಬೆರಳ ತುದಿಗೆ ಆಗ ತಿಳಿಯಿತು.

ಹೆಸರಿಡುವ ದಿನ ಮೊಮ್ಮಗಳು ಅದರ ಮೇಲೆ ಮಲಗಿದಳು. ಬಂದ ಹೆಣ್ಣುಮಕ್ಕಳೆಲ್ಲ ಕೂಸನ್ನು ಒಂದು ಸಲ, ಕೌದಿಯನ್ನು ನಾಲ್ಕು ಸಲ ನೋಡಿದರು. "ಹೌದ್ರೀ, ಹಾಡೋರು ಕುಂತಿದ್ದು ಇದರ ಮ್ಯಾಲೇನs. ನಾನs ಕೊಟ್ಟು ಕಳಿಸಿದ್ದೆ. ನಮ್ಮನಿಯವ್ರು ಹೊತ್ತುಗೊಂಡು ಹೋಗಿದ್ರು" ಎಂದು ಹೆಂಡತಿ ಎಲ್ಲರಿಗೂ ಹೇಳುತ್ತಿದ್ದಳು. ಒಬ್ಬಾಕೆ ಹೊಲಿಗೆಯನ್ನು ಬೆರಳಲ್ಲಿ ಸವರುತ್ತ ಬಂದು ಆ ಮೂಲೆಯಲ್ಲಿ ತಡೆದಳು. "ಇಲ್ಯಾಕವ್ವಾ ಹಿಂಗಾಗೇತಿ?"

"ಅದು ಇವರು ಹೊಲದದ್ದು" ಎಂದಳು ಹೆಂಡತಿ. "ಸಂಗೀತ ಬಲ್ಲವರಲ್ಲs, ಎಲ್ಲಾರ 'ವಾಹ್' ಮುಗಿದ ಮ್ಯಾಲೆ ಬಂದು ಕೂಡತಾರ. ಹೊಲಿಗಿನೂ ಹಂಗs."

ಇಷ್ಟು ವರ್ಷ ಸಭೆಗಳಲ್ಲಿ ಯಾರೂ ಹಿಡಿಯಲಾರದ ನನ್ನ 'ಆಹಾ'ದ ಗುಟ್ಟು ಅವಳಿಗೆ ಯಾವಾಗಿನಿಂದ ಗೊತ್ತಿತ್ತೋ. ಹೆಂಗಸರೆಲ್ಲ ನಕ್ಕರು. ಅರೆಗಳಿಗೆ ಬಿಟ್ಟು ನಾನೂ ನಕ್ಕೆ.