ಅರ್ಧ ಗ್ರಾಂ ಗುಂಡಿನ ಕಾಕಾ

ನಮ್ಮ ಕಾಕಾನ ಮನೆಯಲ್ಲಿ ಒಂದು ಸಣ್ಣ ಯುದ್ಧಕ್ಕೆ ಸಾಕಾಗುವಷ್ಟು ಗುಂಡುಗಳಿವೆ. ಆದರೆ ಕಾಕಾ ಮಾತ್ರ ಇಷ್ಟು ವಯಸ್ಸಾದರೂ ಒಮ್ಮೆಯೂ ಬಂದೂಕು ಹಿಡಿದವರಲ್ಲ!

ಗಾಬರಿಯಾಗಬೇಡಿ. ಇವು ಗಾಳಿಯ ಒತ್ತಡದಿಂದ ಹಾರುವ ಏರ್ ರೈಫಲ್ಲಿನ ಸೀಸದ ಗುಂಡುಗಳು. ಜೋಳದ ಕಾಳಿನಷ್ಟು ಗಾತ್ರ, ಅರ್ಧ ಗ್ರಾಂ ತೂಕ. ಹಾರಿಸುವವರು ನಮ್ಮ ಕಾಕಿ. ಹೆಣ್ಣುಮಕ್ಕಳ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದ ಕಾಕಿ, ಐವತ್ತು ದಾಟಿದ ಮೇಲೆ ಹುಬ್ಬಳ್ಳಿಯ ಶೂಟಿಂಗ್ ರೇಂಜೊಂದಕ್ಕೆ ಸುಮ್ಮನೆ ನೋಡಲು ಹೋದರು. ಸುಮ್ಮನೆ ಒಂದು ಗುಂಡು ಹಾರಿಸಿದರು. ಅದು ಸುಮ್ಮನೆ ಹೋಗಿ ಗುರಿಯ ನಟ್ಟನಡುವೆ ನಾಟಿತು. ಅಷ್ಟೇ ನೋಡಿ, ಹಿರಿಯರ ವಿಭಾಗದಲ್ಲಿ ಒಮ್ಮೆಯಾದರೂ ರಾಜ್ಯಮಟ್ಟಕ್ಕೆ ಹೋಗಬೇಕೆಂಬ ಹುಚ್ಚು ಹತ್ತಿತು. ಪ್ರತಿ ವರ್ಷ ಆಯ್ಕೆ ಸ್ಪರ್ಧೆಗೆ ಹೋಗುವುದು, ಎರಡು ಮೂರು ಅಂಕದಲ್ಲಿ ಅವಕಾಶ ತಪ್ಪಿಸಿಕೊಂಡು ಬರುವುದು.

ತಪ್ಪು ಯಾರದು? ಗುಂಡಿನದು! ಇದು ಕಾಕಾನ ತೀರ್ಪು. ಅವರು ತಾರಿಹಾಳದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಬೋಲ್ಟುಗಳ ಅಳತೆ ನೋಡಿ ಪಾಸು, ನಪಾಸು ಮಾಡಿ ನಿವೃತ್ತರಾದವರು. ಬೋಲ್ಟು ಸಿಗದೆ ಕೆಲವು ದಿನ ಕಾಕಿಯ ರೊಟ್ಟಿಗಳ ದಪ್ಪ ಅಳೆದು, ದಿನಕ್ಕೆರಡು ನಪಾಸು ಮಾಡುತ್ತಿದ್ದರಂತೆ. ಒಂದು ಹೊತ್ತು ಉಪವಾಸ ಬಿದ್ದ ಮೇಲೆ ಆ ಚಟ ಬಿಟ್ಟಿತು. ಆಗ ಕಣ್ಣಿಗೆ ಬಿದ್ದದ್ದು ಈ ಗುಂಡಿನ ಡಬ್ಬಿ.

ಒಂದೇ ಡಬ್ಬಿಯ ಗುಂಡುಗಳೆಲ್ಲ ಒಂದೇ ತೂಕ ಇರುತ್ತವೆಯೇ? ಈ ಪ್ರಶ್ನೆ ಜಗತ್ತಿನಲ್ಲಿ ಇನ್ನಾರನ್ನು ಕಾಡಿತ್ತೋ ಗೊತ್ತಿಲ್ಲ. ಕಾಕಾ ಡಬ್ಬಿ ಹಿಡಿದು ನೇರ ನಮ್ಮ ಪತ್ತಾರರ ಅಂಗಡಿಗೆ ಹೋದರು. ಬಂಗಾರ ತೂಗುವ ಪತ್ತಾರರು ಕನ್ನಡಕ ಏರಿಸಿಕೊಂಡು, ಒಡವೆ ಯಾವುದೆಂದು ಕೇಳಿದರು. ಕಾಕಾ ಐನೂರು ಸೀಸದ ಗುಂಡುಗಳನ್ನು ಗಾದಿಯ ಮೇಲೆ ಸುರಿದರು. ಸಂಜೆವರೆಗೂ ತೂಗಿಸಿದರಂತೆ. ಮರುದಿನ ಪತ್ತಾರರೇ ಮನೆಗೆ ಬಂದು, ತಮ್ಮ ಹಳೆಯ ತಕ್ಕಡಿಯನ್ನು ಪುಕ್ಕಟೆ ಕೊಟ್ಟು, ಇನ್ನು ಮುಂದೆ ಅಂಗಡಿ ಕಡೆ ಬರಬಾರದೆಂದು ಕೈಮುಗಿದು ಹೋದರು.

ಅಂದಿನಿಂದ ಬೆಳಿಗ್ಗೆ ಹತ್ತರಿಂದ ಹನ್ನೆರಡು ಮನೆಯಲ್ಲಿ ತೂಕದ ಹೊತ್ತು. ಫ್ಯಾನು ಬಂದ್. ಕಿಟಕಿ ಬಂದ್. ಗಾಳಿಯಾಡಿದರೆ ತಕ್ಕಡಿ ಸುಳ್ಳು ಹೇಳುತ್ತದಂತೆ. ಕಾಕಾ ಚಿಮಟದಲ್ಲಿ ಒಂದೊಂದೇ ಗುಂಡು ಎತ್ತಿ ಇಡುವಾಗ ಎದುರಿಗಿದ್ದವರು ಉಸಿರು ಹಿಡಿಯಬೇಕು. ತೂಗಿದ್ದೆಲ್ಲ ಮಸಾಲಿ ಡಬ್ಬಿಯ ಏಳು ಬಟ್ಟಲುಗಳಿಗೆ ದರ್ಜೆವಾರು ಹೋಗುತ್ತದೆ. ಹಾಗಾದರೆ ಸಾಸಿವೆ, ಜೀರಿಗೆ ಎಲ್ಲಿವೆ ಎಂದು ಕಾಕಿಯನ್ನು ಕೇಳಿ ನೋಡಿ!

ನನ್ನನ್ನು ನೋಡಲು ವರನ ಕಡೆಯವರು ಬಂದದ್ದೂ ಇದೇ ಹೊತ್ತಿಗೆ. ನಮ್ಮ ಮನೆಗೆ ಸುಣ್ಣ ಹೊಡೆಯುತ್ತಿದ್ದರಿಂದ ಕಾಕಾನ ಮನೆಯಲ್ಲಿ ಕೂರಿಸಿದ್ದೆವು. ಮೇ ತಿಂಗಳ ಸೆಕೆಯಲ್ಲಿ, ಫ್ಯಾನಿಲ್ಲದೆ, ಐದು ಜನ ಬೆವರು ಸುರಿಸುತ್ತ ಉಸಿರು ಹಿಡಿದು ಕುಳಿತಿದ್ದರು. ವರ ಸೀನಿದ. ನಲವತ್ತು ಗುಂಡು ದರ್ಜೆ ಮರೆತು ಸೋಫಾದ ಕೆಳಗೆ ಓಡಿದವು. ಆತ ನಾಚಿಕೆಯಿಂದ ಮಂಡಿಯೂರಿ ಅಷ್ಟನ್ನೂ ಆರಿಸಿಕೊಟ್ಟ. ಅವರು ಹೋದ ಮೇಲೆ ಕಾಕಾ ಗಂಭೀರವಾಗಿ ಹೇಳಿದರು: "ಹುಡುಗ ಛಲೋ ಅದಾನ. ಮೂಗು ಒಂದು ನಪಾಸು."

ನಪಾಸಾದ ಮೂಗನ್ನೇ ಮದುವೆಯಾದೆ.

ಮತ್ತೊಮ್ಮೆ, ಈ ಮನೆಯಲ್ಲಿ ಬಾಗಿಲು ಹಾಕಿಕೊಂಡು ಗುಂಡು ತಯಾರಿಸುತ್ತಾರೆಂದು ಓಣಿಯವರು ಯಾರೋ ಪೊಲೀಸರಿಗೆ ಹೇಳಿಬಿಟ್ಟರು. ವಿಚಾರಿಸಲು ಒಬ್ಬ ಹವಾಲ್ದಾರರು ಬಂದರು. ಕಾಕಾನಿಗೆ ಇಷ್ಟು ವರ್ಷಕ್ಕೆ ಒಬ್ಬ ಶ್ರೋತೃ ಸಿಕ್ಕಂತಾಯಿತು! ಬಂದವರನ್ನು ಕೂರಿಸಿ, ಏಳೂ ಬಟ್ಟಲು ಬಿಚ್ಚಿ, ಗುಂಡಿನ ತಲೆ, ಸೊಂಟ, ಬುಡ ಎಲ್ಲ ಭೂತಗನ್ನಡಿಯಲ್ಲಿ ತೋರಿಸಿದರು. ಎರಡು ತಾಸಾದ ಮೇಲೆ ಹವಾಲ್ದಾರರು ಕೇಳಿದ್ದು ಒಂದೇ ಮಾತು: "ಯಜಮಾನ್ರ, ಈಗರ ಉಸಿರು ಬಿಡಬಹುದೇನ್ರಿ?" ಆಮೇಲೆ ಅವರು ನಮ್ಮ ಓಣಿಯಲ್ಲಿ ಕಾಣಲಿಲ್ಲ.

ಈ ವರ್ಷ ಕಾಕಿಯ ಅಂಕಗಳು ಅಭ್ಯಾಸದಲ್ಲೇ ಇಳಿಯತೊಡಗಿದವು. ಈ ಸಲ ಆಗದಿದ್ದರೆ ಬಂದೂಕು ಇಟ್ಟುಬಿಡುವುದಾಗಿ ಕಾಕಿ ಹೇಳಿಬಿಟ್ಟರು. ಕಾಕಾ ಕಂಗಾಲಾದರು. ಒಮ್ಮೆ ತೂಗಿದ್ದನ್ನು ಮೂರು ಸಲ ತೂಗಿದರು. ಐದು ಡಬ್ಬಿ ಜಾಲಾಡಿ, ಕೂದಲೆಳೆಯಷ್ಟೂ ಫರಕಿಲ್ಲದ ಅರವತ್ತು ಗುಂಡು ಆರಿಸಿದರು. ಸ್ಪರ್ಧೆಯಲ್ಲಿ ಹಾರಿಸಬೇಕಾದದ್ದೂ ಅರವತ್ತೇ. ಹತ್ತಿಯಲ್ಲಿ ಸುತ್ತಿ, ಧಾರವಾಡದಿಂದ ಹುಬ್ಬಳ್ಳಿಯವರೆಗೆ ಬಸ್ಸಿನಲ್ಲಿ ಎದೆಗವಚಿಕೊಂಡು ತಂದರು. ನಾನೂ ಜೊತೆಗಿದ್ದೆ.

ಕೊನೆಯ ಗುಂಡಿಗೆ ಒಂಬತ್ತು ಅಂಕ ಬಂದರೆ ಸಾಕಿತ್ತು. ಬಂದದ್ದು ಏಳು.

ಕಾಕಾ ಎದ್ದವರೇ ತೀರ್ಪುಗಾರರ ಮೇಜಿಗೆ ಹೋದರು. ಆ ಗುಂಡು ತೂಗಿದವನು ತಾನು, ತಪ್ಪು ತನ್ನದು, ಆದ್ದರಿಂದ ಎರಡು ಅಂಕವನ್ನು ತನ್ನ ಹೆಸರಿಗೆ ಕಳೆದು ಆಕೆಗೆ ವಾಪಸ್ಸು ಕೊಡಬೇಕೆಂದು ವಾದಿಸಿದರು. ತಾವು ಸ್ಪರ್ಧೆಯಲ್ಲೇ ಇಲ್ಲವಲ್ಲ ಎಂದು ತೀರ್ಪುಗಾರರು ಕೇಳಿದ್ದಕ್ಕೆ, ಬೇಕಾದರೆ ಈಗಲೇ ಹೆಸರು ಬರೆದುಕೊಳ್ಳಿ ಎಂದರು. ನಾನು ಕೈ ಹಿಡಿದು ಎಳೆದುಕೊಂಡು ಬಂದೆ. ನಗು ಬರುತ್ತಿತ್ತು, ತಡೆದುಕೊಂಡೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕುಳಿತಿದ್ದೆವು. ಆ ಕೊನೆಯ ಗುಂಡನ್ನು ಮಾಡಿದ ಕಂಪನಿಗೆ ಪತ್ರ ಬರೆಯುವುದಾಗಿ ಕಾಕಾ ಹೇಳುತ್ತಲೇ ಇದ್ದರು. ನವಲೂರು ದಾಟಿದ ಮೇಲೆ ಕಾಕಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು:

"ಗುಂಡು ಛಲೋನ ಇತ್ರಿ. ನನ್ನ ಕೈ ನಡಗ್ತು. ಮೂರು ತಿಂಗಳಾತು, ನಡಗಾಕತ್ತೈತಿ. ನಿಮಗ ಹೆಂಗ ಹೇಳ್ಬೇಕಂತ ತಿಳೀಲಿಲ್ಲ."

ಕಾಕಾ ಕಾಕಿಯ ಕಡೆ ತಿರುಗಿದರು.

"ನನಗ ಗೊತ್ತೈತಿ," ಎಂದರು. "ಚಾದ ಕಪ್ಪು ಹಿಡಿಯೂದು ದಿನಾ ನೋಡ್ತೇನಲ್ಲ. ಹಿಂದಿನ ವರ್ಷದ್ದು ಖರೇನ ಗುಂಡಿನ ತಪ್ಪ. ಈ ವರ್ಷ ನಿನ್ನ ಕೈಗೆ ಯಾರೂ ಏನೂ ಅನಬಾರದಂತ ತಪ್ಪು ಗುಂಡಿನ ಮ್ಯಾಲ ಹಾಕಿದ್ದೆ. ನಾಳೆ ದವಾಖಾನಿಗೆ ಹೋಗೂಣು."

ಕಾಕಿ ಅಳುತ್ತಿದ್ದರು. ನನಗೂ ಕಣ್ಣು ತುಂಬಿ ಬಂತು. ನಾಲ್ಕು ಜನರೆದುರು ಹೆಂಡತಿಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲೂ ನಾಚುವ ನಮ್ಮ ಕಾಕಾ, ಆ ನಡುಗುವ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಧಾರವಾಡ ಬರುವವರೆಗೂ ಬಿಡಲಿಲ್ಲ.