ಆಯುಧಪೂಜೆಯ ಮೇಜಿನಿಂದ ಆಸಿಡ್ ಎದ್ದು ಹೋದದ್ದು

ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರೆ ಪ್ರೀತಿ ಹೆಚ್ಚುತ್ತದೆ ಎಂದು ನಂಬಿದವನು ನಾನು. ಇಂಥ ನಂಬಿಕೆ ಇದ್ದವರು ಕೆಮಿಸ್ಟ್ರಿ ಮೇಡಮ್ಮನ್ನು ಮದುವೆಯಾಗಬಾರದು. ನನ್ನ ಹೆಂಡತಿ ಸುನಂದಾ ಮಾನ್ವಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ರಾಯಚೂರಿನ ನಮ್ಮ ಮನೆಯಲ್ಲೂ ಲ್ಯಾಬಿನ ಕಾನೂನೇ. ಬಚ್ಚಲು ತೊಳೆಯುವ ಆಸಿಡ್ ಒಂದು ಮೂಲೆಗೆ, ಬ್ಲೀಚಿಂಗ್ ಪೌಡರ್ ಮನೆಯ ಇನ್ನೊಂದು ತುದಿಗೆ. "ಎರಡೂ ಕೂಡಿದ್ರ ವಿಷದ ಗಾಳಿ ಏಳ್ತದ್ರೀ" ಎನ್ನುತ್ತಾಳೆ. "ಅವೇನು ಕಾಲೇಜಿನ ಹುಡುಗ ಹುಡುಗಿ ಏನು, ಕದ್ದು ಕೂಡಾಕ?" ಎಂದು ನಾನು ನಗುತ್ತಿದ್ದೆ.

ಕಳೆದ ಆಯುಧಪೂಜೆಗೆ ಹೂವು, ಪೇಢೆ ಹೊತ್ತುಕೊಂಡು ಅವಳ ಕಾಲೇಜಿಗೆ ಹೋದೆ. ಅವಳಿನ್ನೂ ಕ್ಲಾಸಿನಲ್ಲಿದ್ದಳು. ಲಾರಿಗೆ, ತಕ್ಕಡಿಗೆ ಪೂಜೆ ಇರುವಾಗ ಲ್ಯಾಬಿನ ಬಾಟಲಿಗಳಿಗೇಕೆ ಬೇಡ ಎಂದು ಭಕ್ತರಾದ ಪ್ರಿನ್ಸಿಪಾಲರು ಕಪಾಟುಗಳನ್ನೆಲ್ಲ ಬರಿದುಮಾಡಿಸಿ, ಎಲ್ಲವನ್ನೂ ಒಂದೇ ಮೇಜಿಗೆ ತರಿಸಿದ್ದರು. ನಾನು ಫೇಸ್‌ಬುಕ್ಕಿನ ಮನುಷ್ಯ. "ಸರ, ಇನ್ನಾ ಒತ್ತೊತ್ತಿ ಇಡ್ರಿ, ಫೋಟೋದಾಗ ಬರವಲ್ದು" ಎಂದೆ. ನೈಟ್ರಿಕ್ ಆಸಿಡ್ಡೂ ಸ್ಪಿರಿಟ್ಟೂ ಹೆಗಲಿಗೆ ಹೆಗಲು ಕೊಟ್ಟು ನಿಂತವು. ಎಲ್ಲದರ ಮೇಲೂ ವಿಭೂತಿ, ಕುಂಕುಮ. ಮುಂದೆ ಕರ್ಪೂರದ ತಟ್ಟೆ, ಸುತ್ತ ಮಕ್ಕಳು. ಪ್ರಿನ್ಸಿಪಾಲರು ಕಡ್ಡಿ ಗೀರಿದರು.

ಅಷ್ಟರಲ್ಲಿ ಸುನಂದಾ ಬಂದಳು. ನೋಡಿದವಳೇ ಬಗ್ಗಿ, ಬಾಯಿಂದ ಊದಿ ಕಡ್ಡಿ ಆರಿಸಿಬಿಟ್ಟಳು.

"ಮೇಡಂ! ಪೂಜಿ ಬೆಂಕಿ ಬಾಯಿಲೆ ಊದ್ತಾರೇನ್ರಿ?"

"ತಪ್ಪಾತು ಸರ. ಮದ್ಲ ಹುಡುಗ್ರು ಹೊರಗ ಹೋಗ್ಲಿ."

"ದೇವರ ಮುಂದ ಎಲ್ಲಾ ಒಂದೇ ಅಲ್ಲೇನ್ರಿ?"

"ದೇವರ ಮುಂದ ಒಂದೇ ಇರಬಹುದು ಸರ, ಬೆಂಕಿ ಮುಂದ ಅಲ್ಲ. ಸ್ಪಿರಿಟಿನ ಆವಿಗೆ ಒಂದು ಕಿಡಿ ಸಾಕು. ಈ ಎರಡು ಬಾಟ್ಲಿ ಒಡದು ಕೂಡಿದ್ರಂತೂ ಕಿಡಿನೂ ಬ್ಯಾಡ."

ಪ್ರಿನ್ಸಿಪಾಲರ ಕೈಯಲ್ಲಿದ್ದ ಕಡ್ಡಿಪೆಟ್ಟಿಗೆ ತಾನಾಗಿ ಜೇಬಿಗಿಳಿಯಿತು. ಅವಳು ಆಸಿಡ್ಡನ್ನು ಕೆಳಗಿನ ಕಪಾಟಿನ ಟ್ರೇಗೆ, ಸ್ಪಿರಿಟನ್ನು ಕಬ್ಬಿಣದ ಕಪಾಟಿಗೆ, ಸೀಮೆಎಣ್ಣೆಯಲ್ಲಿ ಮುಳುಗಿದ್ದ ಸೋಡಿಯಂ ಅನ್ನು ನಲ್ಲಿಯಿಂದ ದೂರಕ್ಕೆ ಕಳಿಸಿದಳು. ಬಾಟಲಿಗಳ ಮೇಲಿನ ಹೆಸರು ಮುಚ್ಚಿದ್ದ ಕುಂಕುಮವನ್ನು ಒಂದೊಂದಾಗಿ ಒರೆಸಿದಳು. ಕೊನೆಗೆ ಲ್ಯಾಬಿನ ತಕ್ಕಡಿಗೆ ಹಾರ ಹಾಕಿ, ಹೊರಗಿನ ಅಂಗಳಕ್ಕೆ ತಂದಿಟ್ಟು, "ಈಗ ಹಚ್ರಿ ಸರ" ಎಂದಳು. ಮುಖ ಗಂಟಿಕ್ಕಿಕೊಂಡೇ ಕರ್ಪೂರ ಹಚ್ಚಿದ ಪ್ರಿನ್ಸಿಪಾಲರು ಎರಡನೇ ಪೇಢೆಗೆ ಕೈಚಾಚುವಾಗ, "ಮುಂದಿನ ವರ್ಷಾನೂ ಇಲ್ಲೇ ಮಾಡೂಣ್ರಿ" ಎಂದರು. ದೇವರೂ ಮುನಿಯಲಿಲ್ಲ, ಲ್ಯಾಬೂ ಸುಡಲಿಲ್ಲ. ಇಂಥವಳ ಗಂಡ ನಾನು ಎಂದು ಎದೆ ಉಬ್ಬಿತು.

ಮರುದಿನ ದೇವದುರ್ಗದ ಅವಳ ತವರಿನಲ್ಲಿ ಹಬ್ಬದೂಟ. ಅವಳಣ್ಣನಿಗೂ ನನಗೂ ರಾಜಕೀಯದ ಮಾತು ಬಂದರೆ ಎಲೆಯಲ್ಲಿನ ಅನ್ನ ಆರಿಹೋಗುತ್ತದೆ. ಅವನನ್ನು ಪಂಕ್ತಿಯ ಆ ತುದಿಗೆ, ನನ್ನನ್ನು ಈ ತುದಿಗೆ ಕೂರಿಸಿದಳು.

"ನಮ್ಮಿಬ್ಬರಾಗ ಆಸಿಡ್ ಯಾರು?" ಎಂದು ಪಿಸುಗುಟ್ಟಿದೆ.

"ಅಣ್ಣ."

ಗೆದ್ದೆ ಅನಿಸಿತು. "ಹಂಗಾದ್ರ ನಾನು?"

"ನೀವು ನೀರ್ರಿ. ಆಸಿಡ್ ಮ್ಯಾಲೆ ನೀರು ಸುರುವಿದ್ರ ಸಿಡಿತದ. ಅಂವ ತನ್ನ ಪಾಡಿಗೆ ಕುಂತಿರ್ತಾನ, ನೀವ ಹೋಗಿ ಸುರೀತೀರಿ."

ಉತ್ತರಕ್ಕೆ ಬಾಯಿ ತೆರೆದೆ. ಬಾಟಲಿಗೆ ಮುಚ್ಚಳ ಹಾಕುವಷ್ಟೇ ಜೋಪಾನವಾಗಿ ಅವಳು ನನ್ನ ಬಾಯಿಗೊಂದು ಹೋಳಿಗೆ ಇಟ್ಟಳು.