ನೆತ್ತಿಯ ಮೇಲಿನ ತಾರಸಿ

ಬಾಡಿಗೆ ಮನೆ ಹುಡುಕುವಾಗ ನಾವು ಏನೆಲ್ಲ ಕೇಳುತ್ತೇವೆ. ನೀರು ಎರಡೂ ಹೊತ್ತು ಬರುತ್ತದೆಯೇ, ಬಾಗಿಲು ಯಾವ ದಿಕ್ಕಿಗಿದೆ, ಸ್ಕೂಟರ್ ನಿಲ್ಲಿಸಲು ಜಾಗ ಉಂಟೇ, ಲಿಫ್ಟು ಕೆಟ್ಟರೆ ಯಾರು ರಿಪೇರಿ ಮಾಡಿಸುತ್ತಾರೆ. ನೆತ್ತಿಯ ಮೇಲೆ ಏನಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾವು ಕೊಚ್ಚಿಯ ಕಲೂರಿನಲ್ಲಿದ್ದಾಗ ನಮ್ಮ ಮೇಲೆ ಇನ್ನೂ ಎರಡು ಅಂತಸ್ತುಗಳಿದ್ದವು. ಬಿಸಿಲನ್ನು ನಮ್ಮ ಪರವಾಗಿ ಯಾರೋ ತಡೆದುಕೊಳ್ಳುತ್ತಿದ್ದರು. ಅವರು ಯಾರು, ಹೇಗಿದ್ದಾರೆ ಎಂದು ನಾನು ಒಮ್ಮೆಯೂ ವಿಚಾರಿಸಿರಲಿಲ್ಲ. ಬ್ಯಾಂಕು ನನ್ನನ್ನು ತಿರುವನಂತಪುರಕ್ಕೆ ವರ್ಗ ಮಾಡಿತು. ನನ್ನ ಗಂಡ ಶ್ರೀಧರ ತಾನೂ ಅಲ್ಲಿಗೇ ವರ್ಗ ಮಾಡಿಸಿಕೊಂಡು, ಮೊದಲೇ ಹೋಗಿ, ತಂಪಾನೂರಿನ ಹತ್ತಿರ, ತನ್ನ ಹೊಸ ಆಫೀಸಿಗೆ ನಡೆದು ಹೋಗುವಷ್ಟು ದೂರದಲ್ಲಿ, ಒಂದು ಫ್ಲ್ಯಾಟ್ ಹಿಡಿದ. ‘ಎಲ್ಲಾದಕ್ಕಿಂತ ಮ್ಯಾಲಿನ ಮಜಲು. ಗಾಳಿ ಭಾಳ ಛಲೋ ಬರ್ತದ’ ಎಂದು ಫೋನಿನಲ್ಲಿ ಹೆಮ್ಮೆಯಿಂದ ಹೇಳಿದ. ಗಾಳಿ ಬರುತ್ತಿತ್ತು, ಸುಳ್ಳಲ್ಲ. ಒಲೆಯ ಬಾಯಿಂದಲೂ ಗಾಳಿ ಬರುತ್ತದೆ.

ಆ ಮನೆಯ ಮೇಲೆ ಇದ್ದದ್ದು ಬರೀ ಕಾಂಕ್ರೀಟಿನ ತಾರಸಿ. ಅದರ ಮೇಲೊಂದು ಕಪ್ಪು ನೀರಿನ ಟ್ಯಾಂಕು. ಅದರ ಮೇಲೆ ನೇರವಾಗಿ ಸೂರ್ಯ. ಹಗಲೆಲ್ಲ ತಾರಸಿ ಬಿಸಿಲು ಕುಡಿಯುತ್ತಿತ್ತು, ಸಂಜೆ ನಾನು ಬ್ಯಾಂಕಿನಿಂದ ಬರುವ ಹೊತ್ತಿಗೆ ಸರಿಯಾಗಿ ಅದನ್ನು ನಮ್ಮ ಮೇಲೆ ಉಗುಳುತ್ತಿತ್ತು. ಫ್ಯಾನು ಹಾಕಿದರೆ ಮೇಲಿನ ಬಿಸಿ ಕೆಳಗೆ ಬರುತ್ತಿತ್ತು, ಆರಿಸಿದರೆ ತಾನೇ ಇಳಿಯುತ್ತಿತ್ತು. ಕೆಳಗಿನ ಮನೆಯ ಸುಧಾ ಚೇಚಿ, ಅಂದರೆ ಸುಧಕ್ಕ, ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ನಗುತ್ತ, ‘ನಮ್ಮ ಮನೆ ಒಳ್ಳೆ ತಂಪು, ಎ.ಸಿ.ನೇ ಬೇಡ’ ಎನ್ನುತ್ತಿದ್ದರು. ಆಕೆಯ ಮನೆಯ ತಂಪು ನಾನೇ ಎಂದು ಹೊಳೆದ ದಿನ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಾಡಿಗೆಯನ್ನೂ ಕೊಟ್ಟು ಬೇರೆಯವರ ಮನೆಗೆ ಚಾವಣಿಯಾಗಿದ್ದೆ.

ಇನ್ನು ಗೀಸರಿನ ಕಥೆ. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು. ಅದನ್ನು ಬಕೆಟ್ಟುಗಳಲ್ಲಿ ಹಿಡಿದು ಆರಲು ಇಡುತ್ತಿದ್ದೆವು. ಮರುದಿನ ಬೆಳಗ್ಗೆ ಶ್ರೀಧರ ಎದ್ದವನೇ ಗೀಸರ್ ಹಾಕಿ, ಟ್ಯಾಂಕಿನಲ್ಲಿ ರಾತ್ರಿಯಿಡೀ ಆರಿದ ನೀರನ್ನು ಕರೆಂಟು ಸುಟ್ಟು ಕುದಿಸುತ್ತಿದ್ದ. ಕುದಿಸಿದ್ದು ಮೈ ತಾಳದಷ್ಟು ಬಿಸಿಯಾಯಿತೆಂದು ಅದಕ್ಕೆ, ನಾವು ಆರಿಸಿಟ್ಟ ನೀರನ್ನೇ ಬೆರೆಸುತ್ತಿದ್ದ. ಮಿಂದು ಬಂದು, ‘ಏನ್ ಶಕಿನೋ ಈ ಊರಾಗ’ ಎಂದು ಫ್ಯಾನಿನ ಕೆಳಗೆ ನಿಲ್ಲುತ್ತಿದ್ದ. ಗೀಸರಿನ ಕೆಂಪು ದೀಪ ಆತ ಆಫೀಸಿಗೆ ಹೋದಮೇಲೂ ಉರಿಯುತ್ತಲೇ ಇರುತ್ತಿತ್ತು. ಇದನ್ನು ಕೇಳಿದರೆ, ‘ಸ್ನಾನ ಅಂದ್ರ ಬಿಸಿನೀರು. ತಣ್ಣೀರಿಂದು ಬರೇ ತೊಳಕೊಳ್ಳೂದು’ ಎನ್ನುತ್ತಿದ್ದ. ಧಾರವಾಡದ ಚಳಿಯನ್ನು ಟ್ರಂಕಿನಲ್ಲಿ ಕಟ್ಟಿಕೊಂಡು ಬಂದ ಮನುಷ್ಯ.

ನಾನು ಸುಮ್ಮನೆ ಕೂರುವವಳಲ್ಲ. ಸಹೋದ್ಯೋಗಿಯೊಬ್ಬರ ಮಾತು ಕೇಳಿ ನೀರು ತುಂಬುವ ಕೂಲರ್ ತಂದೆ. ಕಡಲ ಪಕ್ಕದ ಊರಿನ ಗಾಳಿಗೆ ಇನ್ನಷ್ಟು ನೀರು ಸೇರಿ, ನಾನು, ಶ್ರೀಧರ, ಮಗಳು ಮೂವರೂ ಕೇರಳದ ತಿಂಡಿ ಪುಟ್ಟಿನ ಹಾಗೆ ಹಬೆಯಲ್ಲಿ ಬೆಂದೆವು. ಆಮೇಲೆ ಚಾಲೈ ಪೇಟೆಗೆ ಹೋಗಿ, ಒಳಗಿನಿಂದ ಚಾವಣಿಗೆ ಅಂಟಿಸುವ ಬೆಳ್ಳಿ ಬಣ್ಣದ ಹಾಳೆ ತಂದೆ. ಅಂಗಡಿಯವನು ಅದು ಜನ್ಮದಲ್ಲಿ ಬೀಳುವುದಿಲ್ಲ ಎಂದಿದ್ದ. ಬಿಸಿಗೆ ಅಂಟು ಕರಗಿ, ಅದು ಭಾನುವಾರದ ಊಟದ ಹೊತ್ತಿಗೆ ಸಾರಿನ ಪಾತ್ರೆಯನ್ನೂ ಶ್ರೀಧರನನ್ನೂ ಒಟ್ಟಿಗೆ ಮುಚ್ಚಿತು. ಹಾಳೆಯ ಒಳಗಿನಿಂದ ಆತ, ‘ಸಿಟ್ಟ ಮಾಡ್ಕೋಬ್ಯಾಡ’ ಎಂದ. ಸಾರು ಸುರಿದದ್ದು ಅವನ ಮೇಲೆ, ಸಮಾಧಾನ ಹೇಳಿದ್ದು ನನಗೆ.

ಫ್ಲ್ಯಾಟ್ ಸಂಘದ ಕಾರ್ಯದರ್ಶಿ ರಾಮಭದ್ರನ್ ಸರ್ ನೆಲಮಹಡಿಯಲ್ಲಿದ್ದಾರೆ. ನಿವೃತ್ತ ಎಂಜಿನಿಯರ್. ನಾನು ಅವರಲ್ಲಿಗೆ ಹೋಗಿ, ತಾರಸಿಗೆ ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಬಣ್ಣ ಬಳಿಯಬೇಕು, ಟ್ಯಾಂಕಿಗೆ ನೆರಳು ಮಾಡಬೇಕು, ಒಂದು ಸೋಲಾರ್ ಹೀಟರ್ ಇಡಬೇಕು, ನನ್ನ ಮನೆಯ ಓನರು ಒಪ್ಪಿದ್ದಾರೆ ಎಂದೆ. ಅವರು ಪೇಪರು ಮಡಚಿಟ್ಟು, ‘ಮೇಡಂ, ತಾರಸಿ ಎಲ್ಲರದು. ಎಲ್ಲರದ್ದನ್ನು ಒಬ್ಬರು ಮುಟ್ಟುವ ಹಾಗಿಲ್ಲ’ ಎಂದರು.

‘ಎಲ್ಲರೂ ಸೇರಿ ಮುಟ್ಟೋಣ ಸರ್.’

‘ಬಿಳಿ ಹೊಡೆದರೆ ಎದುರಿನ ಬಿಲ್ಡಿಂಗಿಗೆ ಕಣ್ಣು ಕುಕ್ಕುತ್ತದೆ. ಸೋಲಾರ್ ಇಟ್ಟರೆ ಎಲಿವೇಶನ್ ಹಾಳು, ಬಿಲ್ಡಿಂಗಿನ ಅಂದವೇ ಹೋಗುತ್ತದೆ. ನೋಕ್ಕಾಂ.’

ನೋಕ್ಕಾಂ ಎಂದರೆ ನೋಡೋಣ. ಈ ಒಂದು ಪದವನ್ನು ನಾನು ಕೇರಳದಲ್ಲಿ ಕೇಳಿದಷ್ಟು ಬೇರೆ ಯಾವ ಪದವನ್ನೂ ಕೇಳಿಲ್ಲ. ನಮ್ಮ ಬ್ಯಾಂಕಿನಲ್ಲಿ ನಾನೇ ಅದನ್ನು ದಿನವಿಡೀ ಗ್ರಾಹಕರಿಗೆ ಹೇಳುತ್ತೇನೆ. ಹಾಗಾಗಿ ಅದರ ನಿಜವಾದ ಅರ್ಥ ನನಗೆ ಚೆನ್ನಾಗಿ ಗೊತ್ತು.

ಬೇಸಿಗೆಯಲ್ಲಿ ಅತ್ತೆ ಧಾರವಾಡದಿಂದ ಬಂದರು. ಹಟದ ಹೆಂಗಸು, ಮಾತು ನೇರ. ಬಂದ ವಾರದಲ್ಲೇ ಒಂದು ಮಧ್ಯಾಹ್ನ ಮಗಳು ಮೇಧಾ ಬ್ಯಾಂಕಿಗೆ ಫೋನು ಮಾಡಿದಳು. ಕೇರಳದಲ್ಲೇ ಬೆಳೆದ ಹುಡುಗಿ, ಕನ್ನಡ ಅರ್ಥವಾದರೂ ಉತ್ತರ ಕೊಡುವುದು ಮಲಯಾಳದಲ್ಲೇ. ಅಂದು ಮಾತ್ರ ಕನ್ನಡದಲ್ಲಿ, ‘ಅಮ್ಮಾ, ಅಜ್ಜಿ ಬಿದ್ದಾಳ. ಕರೆದ್ರ ಮಾತಾಡವಲ್ಲಳು’ ಎಂದಳು. ನಾನು ಆಟೊ ಹಿಡಿದು ಬರುವಷ್ಟರಲ್ಲಿ ಸುಧಾ ಚೇಚಿ ಅತ್ತೆಯನ್ನು ತಮ್ಮ ಮನೆಗೆ ಇಳಿಸಿಕೊಂಡು, ಒದ್ದೆ ಬಟ್ಟೆ ಹಾಕಿ, ಎಳನೀರು ಕುಡಿಸುತ್ತಿದ್ದರು. ಡಾಕ್ಟರು ಸೆಖೆಯ ಹೊಡೆತ, ಇನ್ನೂ ಹೊತ್ತಾಗಿದ್ದರೆ ಕಷ್ಟವಿತ್ತು ಎಂದರು. ಅತ್ತೆ ಎರಡು ದಿನ ಮಾತಾಡಲಿಲ್ಲ. ಆಕೆ ಮಾತಾಡದ ಮನೆಯಲ್ಲಿ ನನಗೆ ಮೊದಲ ಸಲ ಹೆದರಿಕೆಯಾಯಿತು. ಹೆದರಿಕೆ ಆರುತ್ತಿದ್ದಂತೆ ಅದರ ಜಾಗದಲ್ಲಿ ಸಿಟ್ಟು ಬಂದು ಕುಳಿತಿತು. ಅತ್ತೆಯ ಮೇಲಲ್ಲ, ಎಲಿವೇಶನ್ನಿನ ಮೇಲೆ.

ಸಂಘದ ಮಾಸಿಕ ಸಭೆ ಸಾಮಾನ್ಯವಾಗಿ ಸಂಜೆ, ಕೆಳಗೆ ಪಾರ್ಕಿಂಗಿನ ನೆರಳಿನಲ್ಲಿ ನಡೆಯುತ್ತದೆ. ಆ ಸಲ ನಾನು ರಾಮಭದ್ರನ್ ಸರ್‌ಗೆ, ಧಾರವಾಡದ ಪೇಢೆ ಬಂದಿದೆ, ಸಭೆಯನ್ನು ನಮ್ಮ ಹಾಲಿನಲ್ಲೇ, ಭಾನುವಾರ ಮೂರು ಗಂಟೆಗೆ ಮಾಡೋಣ ಎಂದು ನಯವಾಗಿ ಹೇಳಿದೆ. ಪೇಢೆಯ ಹೆಸರಿಗೆ ಎಲ್ಲರೂ ಬಂದರು. ನಾನು ಕುದಿಯುವ ಚಹಾ ಕೊಟ್ಟೆ. ಹಿಂದಿನ ತಿಂಗಳ ನಿರ್ಣಯಗಳನ್ನು ಓದುತ್ತಿದ್ದಂತೆ ಶರ್ಟುಗಳು ಬೆನ್ನಿಗೆ ಅಂಟತೊಡಗಿದವು. ಒಬ್ಬರು ಸಂಘದ ನಿಯಮದ ಪುಸ್ತಕದಿಂದಲೇ ಗಾಳಿ ಬೀಸಿಕೊಂಡರು. ಅತ್ತೆ ಒಳಗಿನಿಂದ ಬಂದು ಕುರ್ಚಿ ಎಳೆದುಕೊಂಡು ಕುಳಿತು, ‘ಅವರಿಗೆ ಹೇಳವಾ ಮೇಧಾ. ನಿಮ್ಮ ಅವ್ವನ್ನ ತಂದು ಒಂದ್ ಮಧ್ಯಾಹ್ನ ಇಲ್ಲೆ ಮಲಗಸ್ರಿ. ಆಮ್ಯಾಲೆ ಛಂದ ಕಾಣಸೂದರ ಬಗ್ಗೆ ಮಾತಾಡೂಣು’ ಎಂದರು. ಮೇಧಾ ಒಂದಕ್ಷರ ಬಿಡದೆ ಮಲಯಾಳದಲ್ಲಿ ಹೇಳಿಬಿಟ್ಟಳು. ನಾನಾಗಿದ್ದರೆ ಸ್ವಲ್ಪ ಮೆತ್ತಗೆ ಮಾಡುತ್ತಿದ್ದೆ.

ರಾಮಭದ್ರನ್ ಸರ್ ಬೆವರು ಒರೆಸುತ್ತ, ಮುಖ ತೊಳೆದು ಬರುತ್ತೇನೆಂದು ಬಚ್ಚಲಿಗೆ ಹೋದರು. ನಲ್ಲಿ ತಿರುಗಿಸಿದ ಸದ್ದು, ಅದರ ಹಿಂದೆಯೇ ಒಂದು ನರಳಿಕೆ. ಕೈ ಜಾಡಿಸುತ್ತ ಹೊರಗೆ ಬಂದು, ‘ಮೇಡಂ, ಗೀಸರ್ ಆರಿಸಿಲ್ಲ’ ಎಂದರು.

‘ಆರಿಸಿದೆ ಸರ್. ಅದು ತಾರಸಿಯ ನೀರು.’

ಅವರು ಕೆಂಪಾದ ಕೈಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡರು. ‘ಎನ್ನಾಲ್ ಶರಿ’ ಎಂದರು. ಹಾಗಾದರೆ ಆಗಲಿ ಎಂದು. ನಿರ್ಣಯ ಪಾಸಾಯಿತು, ಪೇಢೆ ಹಾಗೇ ಉಳಿಯಿತು.

ಬಿಳಿ ಬಣ್ಣ ಬಿತ್ತು, ಟ್ಯಾಂಕಿಗೆ ನೆರಳಾಯಿತು, ಸೋಲಾರ್ ಬಂತು, ಗೀಸರಿನ ಕೆಂಪು ದೀಪ ಆರಿತು. ಮಧ್ಯಾಹ್ನ ಅತ್ತೆ ನಮ್ಮ ಹಾಲಿನಲ್ಲೇ ಚಾಪೆ ಹಾಸಿ ನಿದ್ದೆ ಹೋಗುತ್ತಾರೆ. ನನ್ನ ಸಿಟ್ಟು ಇಲ್ಲಿಗೆ ಮುಗಿಯಬೇಕಿತ್ತು. ಆದರೆ ರಾಮಭದ್ರನ್ ಸರ್ ಈಗ ಅಕ್ಕಪಕ್ಕದ ಸಂಘಗಳಿಗೆಲ್ಲ ‘ನಮ್ಮ ತಾರಸಿ ಯೋಜನೆ’ ಎಂದು ಭಾಷಣ ಮಾಡುತ್ತಾರೆ, ರಜೆಯ ದಿನ ಜನರನ್ನು ಕರೆತಂದು ತಂಪು ನೋಡಿ ಎಂದು ನಮ್ಮ ಹಾಲಿನ ಗೋಡೆ ಮುಟ್ಟಿಸುತ್ತಾರೆ. ಕಳೆದ ಭಾನುವಾರ ಹಾಗೆ ಬಂದವರು ಚಪ್ಪಲಿ ಬಿಟ್ಟು, ಸಾಲಾಗಿ ಗೋಡೆಗೆ ಕೈಯೊತ್ತಿ ನಿಂತಿದ್ದರು. ‘ಎಲ್ಲ ಸರ್ ಮಾಡಿಸಿದ್ದಂತೆ’ ಎಂದು ಒಬ್ಬಾಕೆ ನನಗೇ ತಿಳಿಸಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ, ಧಾರವಾಡದ ತಂಗಿಯೊಡನೆ ಫೋನಿನಲ್ಲಿದ್ದ ಅತ್ತೆಯ ದನಿ ಒಳಗಿನಿಂದ ಕೇಳಿತು: ‘ಮನಿ ಏನೋ ತಂಪಾತವಾ. ಅದ ಬಣ್ಣಾನ ನಮ್ಮ ಸೊಸಿ ತಲೀಗೂ ಒಂದ್ ಕೋಟ್ ಹೊಡಿಸಿದ್ರ ಛಲೋ ಆಗ್ತಿತ್ತು.’

ನಾನು ತೆರೆದ ಬಾಯಿ ಮುಚ್ಚಿ, ಅವರಿಗೆಲ್ಲ ಚಹಾ ಮಾಡಲು ಒಳಗೆ ಹೋದೆ. ಬಾಲ್ಕನಿಯಲ್ಲಿ ಅರ್ಧ ಡಬ್ಬಿ ಬಣ್ಣ ಇನ್ನೂ ಉಳಿದಿದೆ. ಸಂಜೆ ಅದರ ಮುಚ್ಚಳ ತೆಗೆದು ನೋಡಿದೆ. ಒಣಗಿದೆಯೇ ಎಂದು ನೋಡಲಿಕ್ಕೆ, ಅಷ್ಟೇ.